ಹೊಳೆದಂಡೆಗೆ ಬಂದ ಆಳೆತ್ತರದ ಹುಲ್ಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಹೊಳೆ, ಹಳ್ಳ, ಕಾಲುವೆಗಳ ದಂಡೆಯನ್ನು ಆವರಿಸಿಕೊಳ್ಳುವ ಎತ್ತರದ ಹುಲ್ಲುಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇವೆ. ಜಲಸಸ್ಯ, ಕಳೆ ನಿರ್ವಹಣೆ ಮತ್ತು ಕಾಲುವೆ ಕೆಲಸ ಬಲ್ಲವರು ಕೂಡಿ ಉತ್ತರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳು ಹಲವಿದ್ದುದರಿಂದ ಅವನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ಹಳ್ಳದ ದಂಡೆಯಲ್ಲಿ ಎರಡಾಳೆತ್ತರದ ಹುಲ್ಲೊಂದು ವರ್ಷದಿಂದ ವರ್ಷಕ್ಕೆ ಹಬ್ಬುತ್ತಿದೆ. ಕೆಲವರು ಜೊಂಡು ಎನ್ನುತ್ತಾರೆ, ಕೆಲವರು ಕಾಡುಬಿದಿರು ಎನ್ನುತ್ತಾರೆ. ಯಾವುದೆಂದು ಗುರುತಿಸುವುದು ಹೇಗೆ?

ಉತ್ತರ: ಎತ್ತರ ನೋಡಿ ತೀರ್ಮಾನಿಸಬೇಡಿ. ಎಲೆ ಕಾಂಡಕ್ಕೆ ಕೂಡುವ ಜಾಗ, ಕಾಂಡದ ದಪ್ಪ, ಗೆಣ್ಣು ಮತ್ತು ತೆನೆ ಈ ನಾಲ್ಕನ್ನು ಹತ್ತಿರದಿಂದ ನೋಡಿ.

ಅರುಂಡೊ ಡೊನ್ಯಾಕ್ಸ್ ಎಂಬ ದೈತ್ಯ ಜೊಂಡು 6ರಿಂದ 8 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಕಾಂಡ 2ರಿಂದ 4 ಸೆಂಟಿಮೀಟರ್ ದಪ್ಪ, ಒಳಗೆ ಟೊಳ್ಳು, ಹೊರಗೆ ಗಟ್ಟಿ. ಬಿದಿರೆಂದು ಜನ ತಪ್ಪು ತಿಳಿಯುವುದು ಇದನ್ನೇ. ಎಲೆಗಳು ಎರಡೇ ಸಾಲಿನಲ್ಲಿ, ಒಂದು ಈ ಪಕ್ಕ, ಮುಂದಿನದು ಆ ಪಕ್ಕ ಎಂಬಂತೆ ಏರುತ್ತವೆ. ಎಲೆಯ ಬುಡದಲ್ಲಿ ಕಿವಿಯಾಕಾರದ ಎರಡು ಹಾಲೆಗಳು ಕಾಂಡವನ್ನು ಬಳಸಿ ಹಿಡಿದಿರುತ್ತವೆ. ಬಿದಿರಿನ ಎಲೆಗೆ ಸಣ್ಣ ತೊಟ್ಟು ಇರುತ್ತದೆ, ಇದಕ್ಕೆ ಇಲ್ಲ. ಆ ಒಂದು ಗುರುತೇ ಸಾಕು.

ಫ್ರಾಗ್ಮೈಟಿಸ್ ಜೊಂಡಿನ ಕಾಂಡ ಅದಕ್ಕಿಂತ ಸಣ್ಣದು. ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ದಪ್ಪ. ಎತ್ತರ ಸಾಮಾನ್ಯವಾಗಿ 2ರಿಂದ 4 ಮೀಟರ್. ಎಲೆ ಕಾಂಡದಿಂದ ಹೊರಚಾಚುವೆಡೆ ಒಳಮಗ್ಗುಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಿಡ್ಡ ಕೂದಲಿನ ಅಂಚು ಕಾಣುತ್ತದೆ. ತೆನೆ ಒಂದು ಪಕ್ಕಕ್ಕೆ ಬಾಗಿರುತ್ತದೆ. ಮೊದಲು ನೇರಳೆಗಂದು, ಬಲಿತ ಮೇಲೆ ರೇಷ್ಮೆಯಂಥ ಕೂದಲು ತುಂಬಿ ಬೂದು ಬಣ್ಣಕ್ಕೆ ತಿರುಗುತ್ತದೆ.

ಪ್ಯಾರಾ ಹುಲ್ಲು ನೆಟ್ಟಗೆ ನಿಲ್ಲುವುದಕ್ಕಿಂತ ಮಲಗಿ ಹರಿಯುವುದೇ ಹೆಚ್ಚು. ಕಾಂಡ ಹಲವು ಮೀಟರ್ ಉದ್ದ ಸಾಗಿ, ನೆಲಕ್ಕೆ ತಾಗಿದ ಗೆಣ್ಣಿನಲ್ಲೆಲ್ಲ ಬೇರು ಬಿಟ್ಟು, ತುದಿಯನ್ನು ಒಂದೆರಡು ಮೀಟರ್ ಮೇಲೆತ್ತುತ್ತದೆ. ಗೆಣ್ಣಿನ ಸುತ್ತ ಬಿಳಿ ರೋಮ ಒತ್ತಾಗಿರುತ್ತದೆ. ನೀರಿನ ಮೇಲೆ ಚಾಪೆಯಾಗಿ ತೇಲಿ ಹಬ್ಬುವುದೂ ಇದೇ.

ತಂಪು ಹವೆಯ ನಾಡುಗಳಲ್ಲಿ ಫಲಾರಿಸ್ ಎಂಬ ನಾಲ್ಕನೆಯದೊಂದು ಉಂಟು. ಅದು 2 ಮೀಟರ್ ದಾಟುವುದು ಅಪರೂಪ. ಎಲೆಯ ಬುಡದಲ್ಲಿ ಕೂದಲಿನ ಬದಲು ತೆಳುವಾದ ಪಾರದರ್ಶಕ ಪೊರೆ ಇರುತ್ತದೆ. ಇನ್ನು ಬೆರಳಿನ ದಪ್ಪದ, ಕಂದು ಮಖಮಲ್ಲಿನಂಥ ಕದಿರು ಬಿಡುವ ಆಪು ಅಥವಾ ಜಂಬು ಇದೆಯಲ್ಲ, ಅದು ಹುಲ್ಲಿನ ಕುಟುಂಬಕ್ಕೇ ಸೇರಿದ್ದಲ್ಲ. ಕೆಳಗಿನ ಸಲಹೆಗಳು ಅದಕ್ಕೆ ಹಾಗೆಹಾಗೇ ಅನ್ವಯಿಸುವುದಿಲ್ಲ.

ಪ್ರಶ್ನೆ: ಜೊಂಡು ಎಲ್ಲೆಡೆ ಹಿಂದಿನಿಂದಲೂ ಇರುವ ಸಸ್ಯವಲ್ಲವೇ? ಅದನ್ನು ಆಕ್ರಮಣಕಾರಿ ಎನ್ನುವುದು ಸರಿಯೇ?

ಉತ್ತರ: ಸರಿಯಾದ ಸಂದೇಹ. ಕತ್ತಿ ಹಿರಿಯುವ ಮುನ್ನ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಫ್ರಾಗ್ಮೈಟಿಸ್ ಜಾತಿಯ ಜೊಂಡು ಬಹುತೇಕ ಎಲ್ಲ ಖಂಡಗಳಲ್ಲೂ ಸಹಜವಾಗಿ ಇದೆ. ಉತ್ತರ ಅಮೆರಿಕದಲ್ಲೂ ಅಲ್ಲಿನದೇ ಆದ ಜೊಂಡು ಸಾವಿರಾರು ವರ್ಷಗಳಿಂದ ಇತ್ತು. ಆದರೆ ಕಳೆದ ಶತಮಾನದಲ್ಲಿ ಅದೇ ಜೊಂಡು ಇದ್ದಕ್ಕಿದ್ದಂತೆ ತೇವಭೂಮಿಗಳನ್ನು ನುಂಗತೊಡಗಿದ್ದು ಏಕೆಂದು ಬಹಳ ಕಾಲ ಗೊತ್ತಾಗಲಿಲ್ಲ. 2002ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ವಿಷಯ ಬಯಲಾಯಿತು: ಹಬ್ಬುತ್ತಿದ್ದುದು ಹೊರಗಿನಿಂದ ಬಂದ ಬೇರೆ ತಳಿ, ಕಾಣಲು ಮಾತ್ರ ಹೆಚ್ಚುಕಡಿಮೆ ಒಂದೇ. ಅಲ್ಲಿ ಈಗ ಎರಡನ್ನೂ ಹೀಗೆ ಬೇರ್ಪಡಿಸುತ್ತಾರೆ: ಸ್ಥಳೀಯ ಜೊಂಡಿನ ಕಾಂಡ ನುಣುಪಾಗಿ, ಕೆಂಗಂದು ಬಣ್ಣಕ್ಕಿರುತ್ತದೆ, ಒಣಗಿದ ಮೇಲೆ ಎಲೆಯ ಒರೆ (ಕಾಂಡವನ್ನು ಸುತ್ತಿಕೊಂಡ ಎಲೆಯ ಬುಡಭಾಗ) ಸಲೀಸಾಗಿ ಕಳಚುತ್ತದೆ. ಬಂದ ತಳಿಯ ಕಾಂಡ ಒರಟು, ಒರೆ ಬಿಗಿಯಾಗಿ ಅಂಟಿಕೊಂಡೇ ಉಳಿಯುತ್ತದೆ, ಹಿಂಡು ವಿಪರೀತ ದಟ್ಟ.

ಆದ್ದರಿಂದ ನಿಮ್ಮ ಸೀಮೆಯಲ್ಲಿ ಜೊಂಡು ಸಹಜವಾಗಿದ್ದರೆ, ಅದು ಒಂದೇ ಅಳತೆಯಲ್ಲಿ ನಿಂತು ಬೇರೆ ಸಸ್ಯಗಳ ಜೊತೆ ಬೆರೆತಿದ್ದರೆ, ಬಿಟ್ಟುಬಿಡಿ. ಹಕ್ಕಿಗಳಿಗೆ ಗೂಡು, ಮೀನುಮರಿಗಳಿಗೆ ಆಸರೆ, ದಂಡೆಗೆ ಕಟ್ಟು ಅದು. ವರ್ಷವರ್ಷವೂ ಅಂಚು ಮುಂದೆ ಸಾಗುತ್ತ, ಒಳಗೆ ಬೇರೆ ಒಂದು ಗಿಡವೂ ಉಳಿಯದಂತಾದಾಗ ಮಾತ್ರ ಕೈಹಾಕಿ. ಆಗಲೂ ಮೂಲ ಕಾರಣ ನೀರಿಗೆ ಬಂದು ಸೇರುವ ಗೊಬ್ಬರ ಮತ್ತು ಕೊಳಚೆಯ ಸಾರಜನಕವೇ ಇರಬಹುದು. ಅದು ನಿಲ್ಲದೆ ಹುಲ್ಲು ನಿಲ್ಲುವುದಿಲ್ಲ. ಅರುಂಡೊ ಮತ್ತು ಪ್ಯಾರಾ ಹುಲ್ಲಿನ ವಿಷಯದಲ್ಲಿ, ಅವು ಹೊರಗಿನಿಂದ ಬಂದ ನಾಡುಗಳಲ್ಲಿ, ಇಷ್ಟು ಕಾಯುವುದು ಬೇಡ. ಸಣ್ಣ ಹಿಂಡಿದ್ದಾಗಲೇ ತೆಗೆಯಿರಿ. ಲೋಕದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅರುಂಡೊ ಹೆಸರಿದೆ.

ಪ್ರಶ್ನೆ: ಪ್ರತಿವರ್ಷ ಹುಲ್ಲು ಒಣಗಿದ ಮೇಲೆ ನೆಲಮಟ್ಟಕ್ಕೆ ಕೊಯ್ದು ಹಾಕುತ್ತೇವೆ. ಮರುವರ್ಷ ಮೊದಲಿಗಿಂತ ಒತ್ತಾಗಿ ಬರುತ್ತದೆ. ನಾವು ಮಾಡುತ್ತಿರುವುದರಲ್ಲಿ ತಪ್ಪೇನು?

ಉತ್ತರ: ಕೊಯ್ಯುವ ಕಾಲ ತಪ್ಪು. ಈ ಹುಲ್ಲುಗಳ ಜೀವ ಇರುವುದು ನೆಲದೊಳಗೆ ಅಡ್ಡಡ್ಡ ಹರಿಯುವ ಗೆಡ್ಡೆಯಲ್ಲಿ. ಗೆಡ್ಡೆ ಅದರ ಕಣಜ. ಚಿಗುರುವಾಗ ಕಣಜ ಬರಿದಾಗುತ್ತದೆ, ಎಲೆ ಬಲಿತ ಮೇಲೆ ಮತ್ತೆ ತುಂಬುತ್ತದೆ, ತೆನೆ ಬಿಟ್ಟು ಒಣಗುವ ಹೊತ್ತಿಗೆ ಮೇಲಿನ ಸತ್ವವೆಲ್ಲ ಕೆಳಗಿಳಿದು ಭದ್ರವಾಗಿರುತ್ತದೆ. ನೀವು ಕೊಯ್ಯುತ್ತಿರುವುದು ಅದು ಬಿಟ್ಟುಕೊಟ್ಟ ಒಣ ಕಡ್ಡಿಯನ್ನು. ಕೊಯ್ದಿದ್ದರಿಂದ ಬೆಳಕು ನೆಲಕ್ಕೆ ಬೀಳುತ್ತದೆ, ಹೊಸ ಮೊಳಕೆಗೆ ಅಡ್ಡಿ ಇಲ್ಲವಾಗುತ್ತದೆ. ಮಾಡು ಹೊದಿಸಲು ಜೊಂಡು ಬೆಳೆಸುವವರು ಒಣಗಿದ ಕಾಲದಲ್ಲಿ ಕೊಯ್ಯುವುದು ಇದೇ ಕಾರಣಕ್ಕೆ. ಹಾಗೆ ಕೊಯ್ದರೆ ಜೊಂಡಿನ ಹಾಸು ವರ್ಷಾನುಗಟ್ಟಲೆ ಹುಲುಸಾಗಿ ಉಳಿಯುತ್ತದೆ. ಅಂದರೆ ನಿಮಗೆ ಗೊತ್ತಿಲ್ಲದಂತೆ ನೀವು ಜೊಂಡಿನ ಕೃಷಿ ಮಾಡುತ್ತಿದ್ದೀರಿ.

ಕೊಯ್ಯಬೇಕಾದ್ದು ಹುಲ್ಲು ಪೂರ್ತಿ ಎತ್ತರಕ್ಕೆ ಬಂದು ತೆನೆ ಇನ್ನೇನು ಹೊರಡಬೇಕು ಎನ್ನುವಾಗ. ಆಗ ಸಂಗ್ರಹದ ಬಹುಪಾಲು ಮೇಲಿರುತ್ತದೆ, ಕೆಳಗೆ ಕಡಿಮೆ. ಮೊದಲ ಕೊಯ್ಲಿನ ನಂತರ ಮರಿ ಮೊಣಕಾಲೆತ್ತರಕ್ಕೆ ಬಂದಾಗಲೆಲ್ಲ ಮತ್ತೆ ಕೊಯ್ಯಬೇಕು. ಬೆಳವಣಿಗೆ ಜೋರಿರುವಾಗ ಇದು ಎರಡು ಮೂರು ವಾರಕ್ಕೊಮ್ಮೆ ಬರುತ್ತದೆ. ಅರುಂಡೊ ಅನುಕೂಲ ಸಿಕ್ಕರೆ ದಿನಕ್ಕೆ 10 ಸೆಂಟಿಮೀಟರಿನಷ್ಟು ಬೆಳೆಯಬಲ್ಲದು, ಅದಕ್ಕೆ ಇನ್ನೂ ಬೇಗ ಬೇಕು. ನಡುವೆ ಒಂದು ಸುತ್ತು ತಪ್ಪಿಸಿ ಹುಲ್ಲನ್ನು ತಲೆಯೆತ್ತರಕ್ಕೆ ಬಿಟ್ಟರೆ ಹಿಂದಿನ ಸುತ್ತುಗಳ ಶ್ರಮವೆಲ್ಲ ವಾಪಸು ಗೆಡ್ಡೆಗೆ ಹೋಗುತ್ತದೆ. ಇಡೀ ದಂಡೆಯಲ್ಲಿ ವರ್ಷಕ್ಕೊಂದು ಸಲ ಕೊಯ್ಯುವ ಬದಲು, ನಿಮ್ಮ ಕೈಲಾಗುವ ಸಣ್ಣ ತುಂಡನ್ನು ಆರಿಸಿಕೊಂಡು ಸುತ್ತು ತಪ್ಪದಂತೆ ಕೊಯ್ಯುವುದೇ ಮೇಲು. ಮೂರು ವರ್ಷದ ಕೆಲಸ ಎಂದು ಎಣಿಸಿಯೇ ಇಳಿಯಿರಿ. ಬೆಳೆವ ಕಾಲದಲ್ಲಿ ಗೂಡು ಕಟ್ಟುವ ಹಕ್ಕಿಗಳೂ ಇರುವುದರಿಂದ, ಕತ್ತರಿಸುವ ಮೊದಲು ಒಳಹೊಕ್ಕು ನೋಡಿ, ಗೂಡಿದ್ದ ಭಾಗವನ್ನು ಮರಿ ಹಾರುವವರೆಗೆ ಬಿಡಿ.

ಬೇರೆ ಒಳ್ಳೆಯ ಗಿಡಗಳ ನಡುವೆ ಜೊಂಡು ಬಿಡಿಬಿಡಿಯಾಗಿ ನಿಂತಿದ್ದರೆ ಸಲಿಕೆಯ ವಿಧಾನ ಇದೆ. ಚಪ್ಪಟೆ ಸಲಿಕೆಯ ಅಂಚನ್ನು ಅರದಿಂದ ಚೆನ್ನಾಗಿ ಮಸೆದುಕೊಳ್ಳಿ. ಕಾಂಡದ ಪಕ್ಕ 45 ಡಿಗ್ರಿ ಓರೆಯಾಗಿ ಇಟ್ಟು ಕಾಲಲ್ಲಿ ಒತ್ತಿ, ಮಣ್ಣಿನ ಕೆಳಗೆ ನಾಲ್ಕೈದು ಬೆರಳು ಆಳದಲ್ಲಿ ಕತ್ತರಿಸಿ, ಕಾಂಡವನ್ನು ಎಳೆದು ತೆಗೆಯಿರಿ. ಅಗೆಯಬಾರದು, ಮಣ್ಣು ಮೇಲೆತ್ತಬಾರದು. ಅಗೆದ ಕೂಡಲೇ ಹೊಸ ಬೀಜಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗಾಗುತ್ತದೆ.

ಒಂದು ಎಚ್ಚರಿಕೆ: ನೆಲದ ಮೇಲೆ ಓರೆಯಾಗಿ ಕತ್ತರಿಸಿದ ಜೊಂಡಿನ ಕೂಳೆ ಚೂಪಾಗಿ, ರಬ್ಬರ್ ಬೂಟನ್ನೂ ತೂರುತ್ತದೆ. ಅಡ್ಡಕ್ಕೆ, ಸಮವಾಗಿ ಕತ್ತರಿಸಿ. ಎಲೆಯಂಚು ಚರ್ಮ ಕೊಯ್ಯುವಷ್ಟು ಹರಿತ, ಉದ್ದ ತೋಳಿನ ಅಂಗಿ, ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಒಳಗೆ ಹೋಗಬೇಡಿ. ಒಬ್ಬರೇ ಹೋಗಲೂಬೇಡಿ.

ಪ್ರಶ್ನೆ: ಜೆಸಿಬಿ ತರಿಸಿ ದಂಡೆಯಲ್ಲಿದ್ದ ಹುಲ್ಲನ್ನೆಲ್ಲ ಬುಡಸಮೇತ ಕಿತ್ತೆವು. ಈಗ ಅದೇ ಹುಲ್ಲು ಕೆಳಗಡೆ, ಮೊದಲು ಇಲ್ಲದ ಕಡೆಯೂ ಎದ್ದಿದೆ. ಹೇಗೆ?

ಉತ್ತರ: ಯಂತ್ರದ ಹಲ್ಲಿಗೆ ಸಿಕ್ಕ ಗೆಡ್ಡೆ ನೂರಾರು ತುಂಡಾಯಿತು. ತುಂಡಿನಲ್ಲಿ ಒಂದು ಜೀವಂತ ಗೆಣ್ಣು ಉಳಿದರೂ ಅದೊಂದು ಸಸಿ. ಹರಿವು ಅದನ್ನು ಒಯ್ದು ಕೆಸರಿಗೆ ಹಚ್ಚಿತು. ಅರುಂಡೊ ಬಿತ್ತನೆಗೆ ಬರುವ ಬೀಜವನ್ನೇ ಕಟ್ಟುವುದಿಲ್ಲ. ಹೊರಗಿನಿಂದ ಅದು ಬಂದು ಸೇರಿದ ನದಿಗಳಲ್ಲೆಲ್ಲ ಹಬ್ಬಿದ್ದು ನೆರೆಯಲ್ಲಿ ತೇಲಿದ ತುಂಡುಗಳಿಂದ ಮತ್ತು ಮನುಷ್ಯರು ಮಣ್ಣು ಸಾಗಿಸಿದ್ದರಿಂದ. ಪ್ಯಾರಾ ಹುಲ್ಲಿನ ಕಾಂಡದ ತುಂಡೂ ಹಾಗೆಯೇ ಬೇರೂರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಹುಲ್ಲುಗಳನ್ನು ಹೆಚ್ಚು ದೂರ ಒಯ್ಯುತ್ತಿರುವುದು ಸ್ವಚ್ಛ ಮಾಡುವ ಕೆಲಸವೇ. ಇದನ್ನು ನೇರವಾಗಿ ಹೇಳಲೇಬೇಕು, ಏಕೆಂದರೆ ಹಣ, ಶ್ರಮ ಹಾಕಿದವರಿಗೇ ಈ ಪೆಟ್ಟು ಬೀಳುತ್ತಿದೆ.

ಅಗೆಯಲೇಬೇಕಾದರೆ ನೀರು ಅತಿ ಕಡಿಮೆ ಇರುವ ಕಾಲ ಆರಿಸಿ. ಕೆಲಸ ಮೇಲಿನಿಂದ ಕೆಳಕ್ಕೆ, ಹರಿವಿನ ದಿಕ್ಕಿನಲ್ಲಿ ಸಾಗಲಿ. ಕೆಳತುದಿಯಲ್ಲಿ ಒಂದು ಸೆಂಟಿಮೀಟರ್ ಕಣ್ಣಿನ ಬಲೆಯನ್ನು ಹಳ್ಳಕ್ಕೆ ಅಡ್ಡ ಕಟ್ಟಿ, ಬುಡಕ್ಕೆ ಕಲ್ಲು ಹೇರಿ, ದಿನದ ಕೊನೆಗೆ ಅದರಲ್ಲಿ ಸಿಕ್ಕಿದ್ದನ್ನು ಹೊರತೆಗೆಯಿರಿ. ಅರುಂಡೊ ಗೆಡ್ಡೆಯ ಬಹುಭಾಗ ಮೇಲಿನ ಅರ್ಧ ಮೀಟರಿನಲ್ಲೇ ಗಂಟುಗಂಟಾಗಿ ಇರುವುದರಿಂದ ಸಣ್ಣ ಹಿಂಡನ್ನು ಹಾರೆ, ಗುದ್ದಲಿಯಿಂದ ಪೂರ್ತಿ ತೆಗೆಯಬಹುದು. ಫ್ರಾಗ್ಮೈಟಿಸ್ ಗೆಡ್ಡೆ ಒಂದು ಮೀಟರ್ ದಾಟಿ ಎರಡರವರೆಗೂ ಇಳಿದಿರುತ್ತದೆ. ಅದನ್ನು ಅಗೆದು ಮುಗಿಸುವುದು ಆಗದ ಮಾತು, ಕಡಿದಾದ ದಂಡೆಯಲ್ಲಂತೂ ದಂಡೆಯೇ ಕುಸಿದು ಹೋದೀತು. ಯಂತ್ರ ಹೊರಡುವ ಮೊದಲು ಬಕೆಟ್, ಚೈನು, ಟೈರುಗಳನ್ನು ಅಲ್ಲೇ, ನೀರಿನಿಂದ ದೂರದಲ್ಲಿ ತೊಳೆಯಿಸಿ. ಬೂಟಿನ ಅಡಿಯನ್ನೂ ಕೆರೆಯಿರಿ. ಈಗ ಕೆಳಗೆ ಎದ್ದಿರುವ ಹೊಸ ಮರಿಗಳನ್ನು ತಡಮಾಡದೆ ಕೀಳಿ, ಮೊದಲ ವರ್ಷದಲ್ಲಿ ಅವು ಕೈಗೆ ಬರುತ್ತವೆ.

ಪ್ರಶ್ನೆ: ಹುಲ್ಲು ತಾನೇ, ನೀರು ಅದರ ನಡುವೆ ಹರಿದು ಹೋಗುತ್ತದೆ ಎಂದು ನಮ್ಮವರು ವಾದಿಸುತ್ತಾರೆ. ಕಾಲುವೆಯ ಹರಿವಿಗೆ ನಿಜವಾಗಿ ಎಷ್ಟು ತೊಂದರೆ?

ಉತ್ತರ: ಲೆಕ್ಕ ಹಾಕಿ ತೋರಿಸಬಹುದು. ಕಾಲುವೆ ಎಂಜಿನಿಯರುಗಳು ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಒರಟುತನಕ್ಕೊಂದು ಅಂಕಿ ಬಳಸುತ್ತಾರೆ. ಸ್ವಚ್ಛವಾದ ಮಣ್ಣಿನ ಕಾಲುವೆಗೆ ಅದು ಸುಮಾರು 0.025. ನೀರಿನಷ್ಟೇ ಎತ್ತರದ ದಟ್ಟ ಕಳೆ ನಿಂತ ಕಾಲುವೆಗೆ ಸುಮಾರು 0.08. ಇಳಿಜಾರು, ಅಗಲ, ಆಳ ಒಂದೇ ಇದ್ದಾಗ ಹರಿವು ಈ ಅಂಕಿಗೆ ವಿಲೋಮವಾಗಿರುತ್ತದೆ. 0.025 ಅನ್ನು 0.08ರಿಂದ ಭಾಗಿಸಿದರೆ 0.31. ಅದೇ ಕಾಲುವೆ ಮೂರನೇ ಒಂದು ಭಾಗಕ್ಕೂ ಕಡಿಮೆ ನೀರು ಸಾಗಿಸುತ್ತದೆ. ಬರುವ ನೀರು ಮಾತ್ರ ಕಡಿಮೆಯಾಗುವುದಿಲ್ಲವಲ್ಲ, ಮಟ್ಟ ಏರಿ ದಂಡೆ ಮೀರುತ್ತದೆ.

ಮೆದು ಹುಲ್ಲು ಜೋರು ಹರಿವಿಗೆ ಬಾಗಿ ಸ್ವಲ್ಪ ದಾರಿ ಬಿಡುತ್ತದೆ, ಅರುಂಡೊ ಬಾಗುವುದಿಲ್ಲ. ಹಿಂಡುಹಿಂಡಾಗಿ ಕಿತ್ತು ಬಂದು ಮೋರಿ, ಸೇತುವೆಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ನಿಧಾನದ ಹಾನಿ ಹೂಳಿನದು: ಹುಲ್ಲು ಹರಿವು ತಗ್ಗಿಸುತ್ತದೆ, ಹೂಳು ಕೂರುತ್ತದೆ, ಆ ಹೂಳಿನ ಮೇಲೆ ಹುಲ್ಲು ಮುಂದಕ್ಕೆ ಕಾಲಿಡುತ್ತದೆ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಯ ತೊರೆಗಳನ್ನು ಪ್ಯಾರಾ ಹುಲ್ಲು ಕಿರಿದಾಗಿಸಿದ್ದು ಹೀಗೆಯೇ.

ಪ್ರಶ್ನೆ: ನೀರಿನೊಳಗೇ ಜೊಂಡನ್ನು ಕತ್ತರಿಸಿದರೆ ಸಾಯುತ್ತದೆ ಎಂದು ಕೇಳಿದ್ದೇವೆ. ನಿಜವೇ?

ಉತ್ತರ: ಫ್ರಾಗ್ಮೈಟಿಸ್ ಮಟ್ಟಿಗೆ ನಿಜ, ಔಷಧಿಯಿಲ್ಲದ ಉಪಾಯಗಳಲ್ಲಿ ನಾವು ಹೆಚ್ಚು ನಂಬುವುದೂ ಇದನ್ನೇ. ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಗೆಡ್ಡೆ ಉಸಿರಾಡುವುದು ಟೊಳ್ಳು ಕಾಂಡಗಳ ಮೂಲಕ. ಹಸಿ ಕಾಂಡ ಗಾಳಿಯನ್ನು ಒತ್ತಡದಿಂದ ಕೆಳಕ್ಕೆ ತಳ್ಳುತ್ತದೆ, ಹಳೆಯ ಮುರಿದ ಕಾಂಡಗಳಿಂದ ಅದು ಹೊರಬರುತ್ತದೆ. ಮುರಿದ ಒಣಕಡ್ಡಿಯ ಬಾಯಿ ಸವರಿ ಬೀಸುವ ಗಾಳಿಯಿಂದಲೂ ಗೆಡ್ಡೆಗೆ ಗಾಳಿ ಹರಿಯುತ್ತದೆ. ಎಲ್ಲ ಕಾಂಡಗಳೂ ನೀರಿನ ಕೆಳಗೆ ತುಂಡಾದರೆ ಗೆಡ್ಡೆಗೆ ಉಸಿರು ಕಟ್ಟುತ್ತದೆ.

ಬಹಳ ಜನ ಎಡವುವುದು ಒಣಕಡ್ಡಿಯಲ್ಲಿ. ಹಸಿಯದನ್ನೆಲ್ಲ ಕತ್ತರಿಸಿ, ಸತ್ತದ್ದೆಂದು ಒಣಗಿದ್ದನ್ನು ಬಿಡುತ್ತಾರೆ. ಅವೇ ಗಾಳಿಗೊಳವೆಗಳಾಗಿ ಗೆಡ್ಡೆಯನ್ನು ಬದುಕಿಸುತ್ತವೆ. ಹಸಿ ಒಣ ಎರಡನ್ನೂ ಆದಷ್ಟು ಬುಡಕ್ಕೆ, ಕೂಳೆಯ ಮೇಲೆ ಕನಿಷ್ಠ 20–30 ಸೆಂಟಿಮೀಟರ್ ನೀರು ನಿಲ್ಲುವಂತೆ ಕತ್ತರಿಸಿ. ನೀರು ಬೆಚ್ಚಗಿರುವ ಕಾಲ ಒಳ್ಳೆಯದು, ಆಗ ಗೆಡ್ಡೆಗೆ ಆಮ್ಲಜನಕದ ಬೇಡಿಕೆ ಹೆಚ್ಚು. ನೀರಿನ ಮಟ್ಟ ಆಮೇಲೆ ಹಲವು ವಾರ ಇಳಿಯಬಾರದು. ಇಳಿಯುವ ಲಕ್ಷಣವಿದ್ದರೆ ಈ ವಿಧಾನಕ್ಕೆ ಕೈಹಾಕಬೇಡಿ. ಚಿಗುರು ಮೇಲೆ ಬಂದು ನೀರಿನಿಂದ ಹೊರಗೆ ಎಲೆ ಬಿಚ್ಚುವ ಮೊದಲೇ ಎರಡನೇ ಸಲ ಕತ್ತರಿಸಿ. ಕತ್ತರಿಸಿದ್ದನ್ನು ನೀರಿನಲ್ಲಿ ಬಿಡಬೇಡಿ. ಕೊಳೆತು ಮೀನಿನ ಉಸಿರು ಕೀಳುತ್ತದೆ.

ಪ್ರಶ್ನೆ: ಕಪ್ಪು ಪ್ಲಾಸ್ಟಿಕ್ ಹೊದಿಸಿ ಸಾಯಿಸಬಹುದೇ? ನಾವು ಮಾಡಿದಾಗ ಹಾಳೆಯನ್ನೇ ತೂರಿಕೊಂಡು ಬಂತು.

ಉತ್ತರ: ನೂರು ಚದರ ಮೀಟರಿನ ಒಳಗಿನ, ನೆರೆ ಬಾರದ, ಬಿಸಿಲು ಬೀಳುವ ಜಾಗಕ್ಕೆ ಇದು ಒಳ್ಳೆಯದು. ಹಾಳೆ ತೂರಲು ಕಾರಣ ಎರಡು: ತೆಳು ಹಾಳೆ ಅಥವಾ ಕೆಳಗೆ ಉಳಿದ ಚೂಪು ಕೂಳೆ. ತೆನೆಗೆ ಮುಂಚಿನ ಹಂತದಲ್ಲಿ ಹುಲ್ಲನ್ನು ಬುಡಕ್ಕೆ ಕೊಯ್ದು, ಕೂಳೆಯನ್ನು ಹಲಗೆಯಿಂದ ಬಡಿದು ಚಪ್ಪಟೆ ಮಾಡಿ, ಅದರ ಮೇಲೆ ಕೊಯ್ದ ಎಲೆಯನ್ನೇ ಮೆತ್ತೆಯಾಗಿ ಹರಡಿ. ಹಾಳೆ ಕನಿಷ್ಠ 150 ಮೈಕ್ರಾನ್ ಕಪ್ಪು ಇರಲಿ. ಹೆಣೆದ ದಪ್ಪ ಟಾರ್ಪಾಲು ಸಿಕ್ಕರೆ ಇನ್ನೂ ಮೇಲು. ಹಿಂಡಿನ ಅಂಚಿನಿಂದ ಎಲ್ಲ ಕಡೆ 2 ಮೀಟರ್ ಆಚೆಗೆ ಹಾಳೆ ಚಾಚಿರಬೇಕು. ಅಂಚನ್ನು ಗೇಣಾಳದ ಕಾಲುವೆ ತೆಗೆದು ಹೂಳಿ. ಎರಡು ಹಾಳೆ ಸೇರುವಲ್ಲಿ ಅರ್ಧ ಮೀಟರ್ ಒಂದರ ಮೇಲೊಂದು ಬರಲಿ.

ಮುಚ್ಚದೆ ಬಿಟ್ಟ ಹಿಂಡು ಪಕ್ಕದಲ್ಲೇ ಇದ್ದರೆ ಅಲ್ಲಿಂದ ಗೆಡ್ಡೆಯ ಮೂಲಕ ಆಹಾರ ಹರಿದು ಬರುತ್ತಲೇ ಇರುತ್ತದೆ. ಎಷ್ಟು ಕಾಲ ಮುಚ್ಚಿದರೂ ಸಾಯುವುದಿಲ್ಲ. ನಡುವೆ 60 ಸೆಂಟಿಮೀಟರ್ ಆಳಕ್ಕೆ ಅಗೆದು ಸಂಪರ್ಕ ಕಡಿಯಿರಿ. ಎರಡು ಬೆಳವಣಿಗೆಯ ಕಾಲ ತೆಗೆಯಬೇಡಿ. ಎರಡು ವಾರಕ್ಕೊಮ್ಮೆ ಅಂಚು ಸುತ್ತಿ ನೋಡಿ, ಹೊರಬಂದ ಮರಿಯನ್ನು ಕೀಳಿ, ಹರಿದ ಕಡೆ ತೇಪೆ ಹಾಕಿ. ಹಾಳೆಯ ಕೆಳಗೆ ಬೇರೆ ಜೀವಗಳೂ ಸಾಯುತ್ತವೆ ಎಂಬುದು ನಿಜ, ಅದಕ್ಕೇ ದೊಡ್ಡ ಹರವಿಗೆ ಇದನ್ನು ಹೇಳುವುದಿಲ್ಲ.

ಪ್ರಶ್ನೆ: ಬೆಂಕಿ ಹಚ್ಚಿದರೆ?

ಉತ್ತರ: ಬೇಡ. ಗೆಡ್ಡೆಗೆ ಬಿಸಿ ತಟ್ಟುವುದೇ ಇಲ್ಲ, ದಂಡೆಯ ಮರಗಿಡಗಳು ಮಾತ್ರ ಸುಡುತ್ತವೆ. ಸುಟ್ಟ ಜಾಗದಲ್ಲಿ ಅರುಂಡೊ ಮಿಕ್ಕೆಲ್ಲ ಗಿಡಗಳಿಗಿಂತ ಮೊದಲು ಚಿಗುರಿ ಇನ್ನಷ್ಟು ಜಾಗ ಹಿಡಿಯುತ್ತದೆ.

ಪ್ರಶ್ನೆ: ಕಳೆನಾಶಕ ಬಳಸಿದರೆ ಮೀನು, ಕಪ್ಪೆಗಳ ಗತಿ ಏನು? ಬಳಸಲೇಬೇಕಾದರೆ ಹೇಗೆ?

ಉತ್ತರ: ದೊಡ್ಡ ಹಿಂಡುಗಳಲ್ಲಿ, ಬೇರೆ ದಾರಿ ಕಾಣದಾಗ, ಅಳೆದು ತೂಗಿ ಬಳಸುತ್ತಾರೆ. ಮೊದಲಿಗೆ ಎರಡು ಮಾತು. ನೀರಿನ ಬಳಿ ಸಿಂಪಡಿಸಲು ನಿಮ್ಮಲ್ಲಿ ಯಾರ ಅನುಮತಿ ಬೇಕೆಂದು ಕೇಳಿ ಪಡೆಯಿರಿ. ಡಬ್ಬದ ಚೀಟಿಯಲ್ಲಿ ನೀರಿನ ಜಾಗಕ್ಕೆ ಎಂದು ಸ್ಪಷ್ಟವಾಗಿ ಬರೆದಿರದ ಔಷಧಿಯನ್ನು ದಂಡೆಗೆ ತರಬೇಡಿ. ಗ್ಲೈಫೋಸೇಟ್ ಎಂಬ ಕಳೆನಾಶಕದ, ಹೊಲದ ಬಳಕೆಯ ಹಲವು ತಯಾರಿಕೆಗಳಲ್ಲಿ ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂಥ ವಸ್ತುವೇ ಗೊದಮೊಟ್ಟೆಗೂ ಮೀನಿಗೂ ಹೆಚ್ಚು ವಿಷಕಾರಿ. ಇಮಾಜಪೈರ್ ಎಂಬ ಇನ್ನೊಂದು ಕಳೆನಾಶಕ ಮಣ್ಣಿನಲ್ಲಿ ಉಳಿದು ಪಕ್ಕದ ಮರಗಳ ಬೇರಿಗೂ ಸೇರುತ್ತದೆ. ಉಳಿಸಬೇಕಾದ ಮರಗಳಿರುವಲ್ಲಿ ಅದು ಬೇಡವೇ ಬೇಡ.

ಗ್ಲೈಫೋಸೇಟ್ ಎಲೆಯಿಂದ ಗೆಡ್ಡೆಗೆ ಇಳಿಯಬೇಕು. ಅದು ಇಳಿಯುವುದು ಸಸ್ಯದ ಆಹಾರ ಕೆಳಕ್ಕೆ ಹರಿಯುವಾಗ, ಅಂದರೆ ಹೂದೆನೆ ಬಿಟ್ಟ ಮೇಲೆ, ಎಲೆ ಇನ್ನೂ ಹಸಿರಿರುವಾಗ. ಎಳೆ ಚಿಗುರಿಗೆ ಹೊಡೆದರೆ ಎಲೆ ಸುಟ್ಟು ಗೆಡ್ಡೆ ಉಳಿಯುತ್ತದೆ. ಕೊಯ್ಲಿಗೂ ಇದಕ್ಕೂ ಕಾಲ ಬೇರೆ ಎಂಬುದನ್ನು ಗಮನಿಸಿ. ಬೆರೆಸುವ ನೀರು ತಿಳಿಯಾಗಿರಲಿ. ಹಳ್ಳದ ಕದಡಿದ ನೀರನ್ನು ಬಳಸಿದರೆ ಔಷಧಿ ಮಣ್ಣಿನ ಕಣಕ್ಕೆ ಅಂಟಿ ನಿಷ್ಪ್ರಯೋಜಕವಾಗುತ್ತದೆ. ಧೂಳು ಕೂತ ಎಲೆಗೂ ಇದೇ ಮಾತು. ಪ್ರಮಾಣ ಚೀಟಿಯಲ್ಲಿದ್ದಷ್ಟೇ ಇರಲಿ. ಹೆಚ್ಚಿಸಿದರೆ ಎಲೆ ಬೇಗ ಸತ್ತು ಸಾಗಣೆ ನಿಲ್ಲುತ್ತದೆ, ಗೆಡ್ಡೆಗೆ ತಲುಪುವುದು ಕಡಿಮೆಯಾಗುತ್ತದೆ. ಎಲೆ ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಗಾಳಿಯಿರುವಾಗ, ಇಬ್ಬನಿ ಇರುವಾಗ, ಆರು ಗಂಟೆಯೊಳಗೆ ಮಳೆ ಬರುವಂತಿದ್ದಾಗ ಹೊಡೆಯಬೇಡಿ. ಹೊಡೆದ ಮೇಲೆ ಕನಿಷ್ಠ ಮೂರು ವಾರ ಒಂದು ಕಡ್ಡಿಯನ್ನೂ ಕೊಯ್ಯಬೇಡಿ.

ಅರುಂಡೊ ಹಿಂಡು ಸಣ್ಣದಿದ್ದರೆ ಸಿಂಪಡಿಸುವ ಬದಲು ಕಾಂಡವನ್ನು ಬುಡಕ್ಕೆ ಸಮವಾಗಿ ಕತ್ತರಿಸಿ, ಐದು ನಿಮಿಷದೊಳಗೆ ಕೂಳೆಯ ಮುಖಕ್ಕೆ ಬ್ರಷ್‌ನಿಂದ ಸವರಿ. ತಡವಾದರೆ ಕತ್ತರಿಸಿದ ಮುಖ ಮುಚ್ಚಿಕೊಂಡು ಹೀರುವುದಿಲ್ಲ. ಒಬ್ಬರು ಕಡಿಯುತ್ತ, ಇನ್ನೊಬ್ಬರು ಹಿಂದೆಯೇ ಸವರುತ್ತ ಹೋಗಬೇಕು. ಇದರಲ್ಲಿ ನೀರಿಗೆ ಬೀಳುವ ಔಷಧಿ ಬಹಳ ಕಡಿಮೆ.

ಮೀನು ಸಾಯುವುದು ಹಲವು ಸಲ ಔಷಧಿಗಿಂತ ಹೆಚ್ಚಾಗಿ ಸತ್ತ ಹುಲ್ಲು ಒಟ್ಟಿಗೇ ಕೊಳೆತು ಆಮ್ಲಜನಕ ತೀರಿದ್ದರಿಂದ. ನಿಂತ ನೀರಿನಲ್ಲಿ ಒಂದು ಸಲಕ್ಕೆ ಮೂರನೇ ಒಂದು ಭಾಗ ಮಾತ್ರ ಮುಗಿಸಿ, ಎರಡು ವಾರ ಬಿಟ್ಟು ಮುಂದಿನದಕ್ಕೆ ಹೋಗಿ. ಮೀನಿಗೆ ಸರಿದುಕೊಳ್ಳಲು ಜಾಗ ಇರಲಿ.

ಪ್ರಶ್ನೆ: ಪ್ಯಾರಾ ಹುಲ್ಲು ಒಳ್ಳೆಯ ಮೇವು. ದನ, ಆಡು ಬಿಟ್ಟು ಮೇಯಿಸಿದರೆ ಹತೋಟಿಗೆ ಬರುವುದಿಲ್ಲವೇ?

ಉತ್ತರ: ಮೇವೆಂದೇ ಅದನ್ನು ಆಫ್ರಿಕಾದಿಂದ ಉಷ್ಣವಲಯದ ನಾಡುಗಳಿಗೆಲ್ಲ ಒಯ್ದಿದ್ದು. ಮೇಯಿಸಿದರೆ ಎತ್ತರ ತಗ್ಗುತ್ತದೆ, ಹರಿವಿಗೆ ದಾರಿಯಾಗುತ್ತದೆ, ಬೇರು ಸಾಯುವುದಿಲ್ಲ. ಮೇಯಿಸುವುದು ನಿಂತ ಕೂಡಲೇ ಮೇಲೇಳುತ್ತದೆ. ಒದ್ದೆ ದಂಡೆಯಲ್ಲಿ ದನದ ಗೊರಸಿಗೆ ದಂಡೆ ಕುಸಿದು, ಸಗಣಿ ನೀರಿಗೆ ಸೇರುವ ಹಾನಿಯೂ ಇದೆ. ದಂಡೆ ಗಟ್ಟಿಯಾಗಿರುವ ಒಣ ಕಾಲದಲ್ಲಿ, ಬೇಲಿ ಕಟ್ಟಿ, ಕೆಲವೇ ದಿನ ಒತ್ತಾಗಿ ಮೇಯಿಸಿ ಹೊರಗಟ್ಟುವುದು ಸರಿ. ಆಡುಗಳು ಜೊಂಡಿನ ಎಳೆ ಚಿಗುರನ್ನೂ ತಿನ್ನುತ್ತವೆ. ಕೊಯ್ಲಿನ ಸುತ್ತುಗಳಿಗೆ ಬದಲಾಗಿ ಅವನ್ನು ಬಳಸಬಹುದು. ಕೊಯ್ದ ಹಸಿ ಮೇವನ್ನು ಬೇರೆ ಹಳ್ಳ ದಾಟಿಸಿ ಸಾಗಿಸುವಾಗ ದಾರಿಯಲ್ಲಿ ಉದುರಿದ ಒಂದು ಗೆಣ್ಣೂ ಹೊಸ ಹಿಂಡಾದೀತು ಎಂಬುದು ನೆನಪಿರಲಿ. ಕಳೆನಾಶಕ ಹೊಡೆದ ಕಡೆ ಚೀಟಿಯಲ್ಲಿ ಹೇಳಿದ ಅವಧಿ ಮುಗಿಯದೆ ಜಾನುವಾರು ಬಿಡಬೇಡಿ.

ಪ್ರಶ್ನೆ: ಇದನ್ನು ತಿನ್ನುವ ಹುಳು ಇಲ್ಲವೇ?

ಉತ್ತರ: ಅರುಂಡೊಗೆ ಇದೆ. ಅದರ ಮೂಲ ನೆಲೆಯಿಂದ ತಂದ, ಕಾಂಡದಲ್ಲಿ ಗಂಟು ಎಬ್ಬಿಸುವ ಟೆಟ್ರಮೀಸಾ ರೊಮಾನಾ ಎಂಬ ಪುಟ್ಟ ಕಣಜದ ಹುಳುವನ್ನು 2009ರಿಂದ ಅಮೆರಿಕದ ಟೆಕ್ಸಸ್‌ನಲ್ಲಿ ರಿಯೊ ಗ್ರಾಂಡೆ ನದಿಯ ದಂಡೆಯಲ್ಲಿ ಬಿಡತೊಡಗಿದರು. ಅದರ ಹಿಂದೆಯೇ ಗೆಡ್ಡೆಯ ರಸ ಹೀರುವ ಶಲ್ಕ ಕೀಟವನ್ನೂ ಬಿಟ್ಟರು. ಅವು ಹುಲ್ಲನ್ನು ಸೊರಗಿಸುತ್ತವೆ, ನಿರ್ಮೂಲ ಮಾಡುವುದಿಲ್ಲ. ವರ್ಷಗಟ್ಟಲೆ ಪರೀಕ್ಷೆ ನಡೆಸಿ ಸರಕಾರಿ ಸಂಸ್ಥೆಗಳು ಮಾಡುವ ಕೆಲಸ ಇದು, ಯಾರೂ ತಾವಾಗಿ ಕೀಟ ತಂದು ಬಿಡಬಾರದು.

ಪ್ರಶ್ನೆ: ಕಿತ್ತಾದ ಮೇಲೆ ಬರಿದಾದ ದಂಡೆಯಲ್ಲಿ ಏನು ನೆಡಬೇಕು?

ಉತ್ತರ: ನೆರಳು ಕೊಡುವುದನ್ನು. ಈ ಹುಲ್ಲುಗಳೆಲ್ಲ ತುಂಬು ಬಿಸಿಲಿನವು. ಕ್ವೀನ್ಸ್‌ಲ್ಯಾಂಡಿನ ತೊರೆಗಳಲ್ಲಿ ಪ್ಯಾರಾ ಹುಲ್ಲಿನ ಮೇಲೆ ನೆರಳು ಕಟ್ಟಿ ನೋಡಿದಾಗ, ನೆರಳು ದಟ್ಟವಾದಷ್ಟೂ ಹುಲ್ಲು ಕ್ಷೀಣಿಸಿತು. ದಂಡೆಯ ಮರ ಕಡಿದಲ್ಲೇ ಹುಲ್ಲು ಮೊದಲು ಹೊಗುವುದೂ ಇದೇ ಕಾರಣಕ್ಕೆ.

ಮರ ನೆರಳು ಕೊಡುವ ಹೊತ್ತಿಗೆ ಹಲವು ವರ್ಷ ಬೇಕು, ಅಲ್ಲಿಯವರೆಗೆ ಮಣ್ಣು ಹಿಡಿಯಲು ತೆಂಗಿನ ನಾರಿನ ಅಥವಾ ಸೆಣಬಿನ ಚಾಪೆಯನ್ನು ಗೂಟ ಹೊಡೆದು ಹಾಸಿ. ಅದರ ಮೂಲಕ, ನಿಮ್ಮ ಸೀಮೆಯ ದಂಡೆಯಲ್ಲಿ ಸಹಜವಾಗಿ ಬೆಳೆಯುವ, ಕಡ್ಡಿ ನೆಟ್ಟರೆ ಚಿಗುರುವ ಪೊದೆಗಳ ಗೂಟಗಳನ್ನು ನೆಡಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, 60–90 ಸೆಂಟಿಮೀಟರ್ ಉದ್ದ, ಮೂರರಲ್ಲಿ ಎರಡು ಪಾಲು ನೆಲದೊಳಗೆ, ಮೊಗ್ಗು ಮೇಲ್ಮುಖವಾಗಿ. ಗೂಟದಿಂದ ಗೂಟಕ್ಕೆ ಮುಕ್ಕಾಲು ಮೀಟರ್. ಕತ್ತರಿಸಿದ ದಿನವೇ ನೆಡಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಮೊದಲ ಎರಡು ವರ್ಷ ಹುಲ್ಲಿನ ಜಾತಿಯ ಯಾವುದನ್ನೂ, ಸ್ಥಳೀಯದ್ದಾದರೂ, ನೆಡಬೇಡಿ. ಮರಳಿ ಎದ್ದ ಕಳೆಯ ಮರಿಯನ್ನು ಅಗಲೆಲೆಯ ಗಿಡಗಳ ನಡುವೆ ಹತ್ತು ಹೆಜ್ಜೆ ದೂರದಿಂದಲೇ ಗುರುತಿಸಬಹುದು, ಹುಲ್ಲಿನ ನಡುವೆ ಆಗುವುದಿಲ್ಲ. ಫ್ರಾಗ್ಮೈಟಿಸ್ ಬೀಜ ಗಾಳಿಯಲ್ಲಿ ಬರುತ್ತದೆ, ಬೆಳಕು ಬೀಳುವ ಒದ್ದೆ ಬರಿಗೆಸರಿನಲ್ಲಿ ಮೊಳೆಯುತ್ತದೆ. ಆದ್ದರಿಂದ ದಂಡೆ ಬೋಳಾಗಿ ಉಳಿಯುವ ದಿನಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಪ್ರಶ್ನೆ: ಹಳ್ಳದುದ್ದಕ್ಕೂ ಅಲ್ಲಲ್ಲಿ ಹಿಂಡುಗಳಿವೆ, ಜನ ಕಡಿಮೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಒಂದು ದಿನ ಎರಡೂ ದಂಡೆ ನಡೆದು, ಪ್ರತಿ ಹಿಂಡಿನ ಫೋಟೊ ತೆಗೆದು, ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ಉದ್ದ ಅಗಲ ಬರೆದುಕೊಳ್ಳಿ. ಅರುಂಡೊ, ಪ್ಯಾರಾ ಹುಲ್ಲಾದರೆ ಹರಿವಿನ ಮೇಲ್ತುದಿಯಿಂದ ಆರಂಭಿಸಿ. ಕೆಳಗಿನಿಂದ ಶುರು ಮಾಡಿದರೆ ಮೇಲಿನಿಂದ ತುಂಡುಗಳು ಬರುತ್ತಲೇ ಇರುತ್ತವೆ. ಫ್ರಾಗ್ಮೈಟಿಸ್ ಆದರೆ ದೊಡ್ಡ ಹಿಂಡನ್ನು ಸದ್ಯ ಬಿಟ್ಟು, ದೂರ ದೂರ ಹೊಸದಾಗಿ ಎದ್ದ ಸಣ್ಣ ಹಿಂಡುಗಳನ್ನು ಮೊದಲು ಮುಗಿಸಿ. ದೊಡ್ಡದರಲ್ಲಿ ತೆನೆ ಬಲಿಯುವ ಮೊದಲು ತಲೆಗಳನ್ನಷ್ಟೇ ಕತ್ತರಿಸಿ ಚೀಲಕ್ಕೆ ತುಂಬಿಕೊಂಡರೂ ಆ ವರ್ಷದ ಬೀಜ ನಿಲ್ಲುತ್ತದೆ.

ಪ್ರಶ್ನೆ: ಕೊಯ್ದು ಕಿತ್ತ ರಾಶಿಯನ್ನು ಏನು ಮಾಡುವುದು? ಗೊಬ್ಬರದ ಗುಂಡಿಗೆ ಹಾಕಬಹುದೇ?

ಉತ್ತರ: ತೆನೆಯಿಲ್ಲದ ಫ್ರಾಗ್ಮೈಟಿಸ್ ಕಾಂಡ, ಎಲೆಗಳನ್ನು ಒಣಗಿಸಿ ಹೊದಿಕೆಗೆ ಬಳಸಬಹುದು. ಗೆಡ್ಡೆ, ತೆನೆ, ಅರುಂಡೊ ಕಾಂಡ, ಪ್ಯಾರಾ ಹುಲ್ಲು ಇವು ಸಾಮಾನ್ಯ ಗೊಬ್ಬರದ ಗುಂಡಿಗೆ ಬೇಡ. ಅಲ್ಲಿನ ತಣ್ಣನೆಯ ಅಂಚಿನಲ್ಲಿ ಅವು ಬದುಕುತ್ತವೆ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 15 ದಿನ ಕಾಯ್ದುಕೊಂಡು, ಆ ಅವಧಿಯಲ್ಲಿ ಐದು ಸಲ ಮಗುಚಿ, ಅಂಚಿನದು ಒಳಕ್ಕೆ ಬರುವಂತೆ ಮಾಡುವ ದೊಡ್ಡ ಘಟಕಗಳಿಗೆ ಕೊಡಬಹುದು. ಇಲ್ಲವಾದರೆ ನೀರಿನಿಂದ ದೂರ, ನೆರೆ ಮುಟ್ಟದ ಕಾಂಕ್ರೀಟ್ ನೆಲ ಅಥವಾ ದಪ್ಪ ಹಾಳೆಯ ಮೇಲೆ ತೆಳುವಾಗಿ ಹರಡಿ, ಮಳೆ ತಾಗದಂತೆ ಒಣಗಿಸಿ. ಮಣ್ಣು ಮೆತ್ತಿದ ಗೆಡ್ಡೆ ಒಣಗುವುದಿಲ್ಲ, ಮಣ್ಣು ಉದುರಿಸಿಯೇ ಹರಡಿ.

ಸತ್ತಿದೆಯೇ ಎಂದು ತಿಳಿಯಲು ರಾಶಿಯ ಬೇರೆಬೇರೆ ಕಡೆಯಿಂದ ದಪ್ಪನೆಯ ಇಪ್ಪತ್ತು ತುಂಡು ಆರಿಸಿ, ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ಎರಡು ಬೆರಳು ಆಳಕ್ಕೆ ಹೂತು, ಬೆಚ್ಚಗಿನ ಜಾಗದಲ್ಲಿ ನಾಲ್ಕು ವಾರ ಮರಳು ಆರದಂತೆ ಇಡಿ. ಒಂದೇ ಒಂದು ತುಂಡು ಮೊಳೆತರೂ ಇಡೀ ರಾಶಿಯನ್ನು ಮತ್ತೆ ಬಿಸಿಲಿಗೆ ಹರಡಿ.